ಹುಲ್ಲಿನ ಸೇತುವೆಯ ನಾಡು ಪೆರು

ದಕ್ಷಿಣ ಅಮೆರಿಕದ ಪಶ್ಚಿಮ ಅಂಚಿನಲ್ಲಿರುವ ಪೆರು ದೇಶದ ಹೆಸರು ಕೇಳಿದೊಡನೆ ಬಹುಮಂದಿಯ ಕಣ್ಣಮುಂದೆ ನಿಲ್ಲುವುದು ಮಾಚು ಪಿಚು ಒಂದೇ. ಹೋಗಿಬಂದವರು ತೋರಿಸುವ ಚಿತ್ರವೂ ಅದೇ. ಆದರೆ ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಆರು ಪಟ್ಟಿಗೂ ಮಿಗಿಲಾದ ಆ ದೇಶದಲ್ಲಿ ಮೂರು ಲೋಕಗಳೇ ಅಡಗಿವೆ. ಶಾಂತಸಾಗರದ ದಂಡೆಯಲ್ಲಿ ಮರುಭೂಮಿ, ನಡುವೆ ಹಿಮ ಹೊದ್ದ ಆಂಡೀಸ್ ಪರ್ವತಶ್ರೇಣಿ, ಅದರಾಚೆ ಅಮೆಜಾನಿನ ದಟ್ಟಾರಣ್ಯ. ದೇಶದ ಅರ್ಧಕ್ಕಿಂತ ಹೆಚ್ಚು ನೆಲ ಅರಣ್ಯವೇ ಆದರೂ ಈ ಸಲ ನಾವು ಓದುಗರನ್ನು ಅತ್ತ ಕರೆದೊಯ್ಯುವುದಿಲ್ಲ. ಬೆಟ್ಟದ ಮೇಲಿನ ಮಾತೇ ಬೇಕಾದಷ್ಟಿದೆ.

1535ರಲ್ಲಿ ಸ್ಪೇನಿನ ಪಿಜಾರೋ ಸ್ಥಾಪಿಸಿದ ರಾಜಧಾನಿ ಲಿಮಾ ಕಡಲ ಮಗ್ಗುಲಲ್ಲಿದ್ದೂ ಮಳೆಗೆ ಅಪರಿಚಿತ. ಅಲ್ಲಿಂದ ದಕ್ಷಿಣಕ್ಕೆ ಸಾಗಿದರೆ ನಾಸ್ಕಾ ಬಯಲು. ಎರಡು ಸಾವಿರ ವರ್ಷಗಳಷ್ಟು ಹಿಂದಿನ ಜನ ಮೇಲಿನ ಕಪ್ಪುಗಲ್ಲುಗಳನ್ನು ಸರಿಸಿ, ಕೆಳಗಿನ ತಿಳಿಬಣ್ಣದ ಮಣ್ಣು ಕಾಣುವಂತೆ ಮಾಡಿ, ಹಕ್ಕಿ, ಕೋತಿ, ಜೇಡಗಳ ಮಹಾಚಿತ್ರಗಳನ್ನು ಬರೆದರು. ಜರ್ಮನಿಯ ಗಣಿತಜ್ಞೆ ಮರಿಯಾ ರೈಖೆ ತಮ್ಮ ಬಾಳಿನ ಹಲವು ದಶಕಗಳನ್ನು ಈ ರೇಖೆಗಳ ರಕ್ಷಣೆಗೆ ತೆತ್ತು, 1998ರಲ್ಲಿ ತೀರಿಕೊಂಡರು. ಅಲ್ಲಿ ಹೆಜ್ಜೆ ಗುರುತು ಕೂಡ ಅಳಿಯದು. 2014ರಲ್ಲಿ ಪರಿಸರ ಚಳವಳಿಯ ಕಾರ್ಯಕರ್ತರೇ ಹಕ್ಕಿಯ ಚಿತ್ರದ ಬಳಿ ನಡೆದಾಡಿ ನೆಲವನ್ನು ಕೆಡಿಸಿದ್ದು ದೊಡ್ಡ ವಿವಾದವಾಯಿತು. ಮುಟ್ಟದೆ ಇರುವುದೇ ಅಲ್ಲಿ ಸಲ್ಲಿಸಬಹುದಾದ ಸೇವೆ.

ಇಂಕಾ ಅರಸರ ರಾಜಧಾನಿಯಾಗಿದ್ದ ಕುಸ್ಕೋ ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ನಮಗಂತೂ ಮೊದಲ ದಿನ ಹತ್ತು ಮೆಟ್ಟಿಲೇರಿದರೂ ಏದುಸಿರು, ತಲೆನೋವು. ಹಿರಿಯರನ್ನು ಕರೆದೊಯ್ಯುವವರು ಮೊದಲೇ ವೈದ್ಯರ ಸಲಹೆ ಪಡೆದು, ಅಲ್ಲಿ ಎರಡು ದಿನ ಸುಮ್ಮನೆ ವಿಶ್ರಮಿಸುವುದು ಲೇಸು. ಅಲ್ಲಿಯವರು ಇದಕ್ಕೆ ಕೋಕಾ ಎಲೆಯ ಕಷಾಯ ಕೊಡುತ್ತಾರೆ. ಆ ಎಲೆಯನ್ನು ಊರಿಗೆ ತರುವುದು ನಮ್ಮ ದೇಶದ ಕಾನೂನಿನಂತೆ ಅಪರಾಧವೆಂಬುದು ನೆನಪಿರಲಿ. ಕುಸ್ಕೋದ ಸೂರ್ಯದೇಗುಲ ಕೋರಿಕಾಂಚದ ಮೇಲೆ ಸ್ಪೇನಿನವರು ತಮ್ಮ ಮಠವನ್ನು ಕಟ್ಟಿದ್ದರು. 1950ರ ಭೂಕಂಪದಲ್ಲಿ ಮೇಲಿನ ಮಠ ಬಹಳಷ್ಟು ಕುಸಿಯಿತು. ಗಾರೆಯಿಲ್ಲದೆ ಹೊಂದಿಸಿದ ಇಂಕಾ ಗೋಡೆಗಳು ಮಾತ್ರ ನಿಂತವು.

ಸಸ್ಯಾಹಾರಿಗಳಿಗೆ ಅಲ್ಲಿ ಗತಿಯೇನು ಎಂದು ನಮ್ಮ ಗೃಹಿಣಿಯರು ಕೇಳಿಯೇ ಕೇಳುತ್ತಾರೆ. ಸಾರಿನಲ್ಲಿ ಮಾಂಸದ ರಸ ಬೆರೆತಿದೆಯೇ ಎಂದು ವಿಚಾರಿಸಿಯೇ ಉಣ್ಣಬೇಕು. ಹಾಗೆ ಉಂಡರೆ ಕ್ವಿನೋವಾ, ಜೋಳ, ಆಲೂಗಡ್ಡೆಗಳಿಗೆ ಬರವಿಲ್ಲ. ನಮ್ಮ ಹಾಸನದ ಹೊಲಗಳಲ್ಲಿ ಬೆಳೆಯುವ ಆಲೂಗಡ್ಡೆಯ ತವರು ಈ ಆಂಡೀಸ್ ಬೆಟ್ಟಗಳೇ. ಕೆಂಪು, ನೇರಳೆ, ಕಪ್ಪು ಎಂದು ಅಲ್ಲಿ ಸಾವಿರಾರು ತಳಿಗಳುಂಟು. ರಾತ್ರಿಯ ಹಿಮದಲ್ಲಿ ಹೆಪ್ಪುಗಟ್ಟಿಸಿ, ತುಳಿದು ನೀರು ಹಿಂಡಿ, ಬಿಸಿಲಿಗೆ ಒಣಗಿಸಿದ 'ಚುನ್ಯೋ' ವರ್ಷಗಟ್ಟಲೆ ಕೆಡದು. ನಮ್ಮ ಸಂಡಿಗೆ ಹಪ್ಪಳಗಳ ದೂರದ ನೆಂಟನೆನ್ನಬಹುದು.

ಮಾಚು ಪಿಚುವಿನ ವರ್ಣನೆ ಎಲ್ಲೆಡೆ ದೊರೆಯುವುದರಿಂದ ಇಲ್ಲಿ ಹೆಚ್ಚು ಬೇಡ. ಜನದಟ್ಟಣೆಯ ಕಾರಣ ಪ್ರವೇಶಕ್ಕೆ ಸಂಖ್ಯೆಯ ಮಿತಿಯಿದೆ. ಟಿಕೆಟನ್ನು ಮುಂಚಿತವಾಗಿಯೇ ಪಡೆಯಬೇಕು. 1911ರಲ್ಲಿ ಅಮೆರಿಕದ ಹೈರಮ್ ಬಿಂಗ್‌ಹ್ಯಾಮ್ ಅದನ್ನು 'ಕಂಡುಹಿಡಿದ'ನೆಂಬ ಮಾತು ಮಾತ್ರ ನಮಗೆ ಒಪ್ಪಿಗೆಯಿಲ್ಲ. ಆತನಿಗೆ ದಾರಿ ತೋರಿದವನು ಸ್ಥಳೀಯ ರೈತ; ಆ ಪಾಳುಗೋಡೆಗಳ ನಡುವೆ ಆಗಲೇ ರೈತ ಕುಟುಂಬಗಳು ಬೇಸಾಯ ಮಾಡಿಕೊಂಡಿದ್ದವು.

ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಕುಸ್ಕೋದಿಂದ ದಕ್ಷಿಣಕ್ಕೆ, ಅಪುರಿಮಾಕ್ ನದಿಯ ಕಮರಿಯ ಮೇಲೆ ತೂಗುವ ಕೆಸ್ವಚಾಕ ಎಂಬ ಸೇತುವೆ. ಉದ್ದ ಸುಮಾರು 28 ಮೀಟರ್. ಕಬ್ಬಿಣವಿಲ್ಲ, ಸಿಮೆಂಟಿಲ್ಲ, ಇಡಿಯ ಸೇತುವೆ ಬೆಟ್ಟದ ಹುಲ್ಲಿನದು. ಹುಲ್ಲು ಒಂದೆರಡು ವರ್ಷಕ್ಕಿಂತ ಹೆಚ್ಚು ಬಾಳದಾದ್ದರಿಂದ ಸುತ್ತಲಿನ ನಾಲ್ಕು ಕೆಚುವಾ ಸಮುದಾಯಗಳು ಪ್ರತಿ ಜೂನ್ ತಿಂಗಳಲ್ಲಿ ಅದನ್ನು ಹೊಸದಾಗಿ ಕಟ್ಟುತ್ತವೆ. ಪ್ರತಿ ಮನೆಯೂ ತನ್ನ ಪಾಲಿನ ಹುರಿ ತರಬೇಕು. ಹುಲ್ಲನ್ನು ನೆನೆಸಿ, ಕಲ್ಲಿನಿಂದ ಜಜ್ಜಿ, ಅಂಗೈಯಲ್ಲಿ ಹೊಸೆಯುವವರು ಹೆಣ್ಣುಮಕ್ಕಳು. ಆ ಹುರಿಗಳನ್ನು ಸೇರಿಸಿ ಗಂಡಸರು ಆರು ಮಹಾಹಗ್ಗಗಳನ್ನು ಹೆಣೆಯುತ್ತಾರೆ; ನಾಲ್ಕು ಕಾಲ ಕೆಳಗೆ, ಎರಡು ಕೈಯಾಸರೆಗೆ. ಹಳೆಯ ಸೇತುವೆಯನ್ನು ಕಡಿದು ನದಿಗೆ ಬಿಡುತ್ತಾರೆ. ಮೂರು ದಿನ ದುಡಿಮೆ, ನಾಲ್ಕನೆಯ ದಿನ ಊಟ, ಕುಣಿತ. 2013ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡದ್ದು ಈ ಸೇತುವೆಯನ್ನಲ್ಲ, ಅದನ್ನು ಕಟ್ಟುವ ವಿದ್ಯೆಯನ್ನು.

ಸಮೀಪದಲ್ಲೇ ವಾಹನಗಳಿಗೆ ಉಕ್ಕಿನ ಸೇತುವೆ ಇದೆ. ಹುಲ್ಲಿನದು ಇಲ್ಲದಿದ್ದರೆ ಯಾರ ಸಂಚಾರವೂ ನಿಲ್ಲದು. ಹಾಗಿದ್ದೂ ಅವರು ಬಿಡಲಿಲ್ಲ. ಕೊರೋನಾ ಹಾವಳಿಯಿಂದ 2020ರಲ್ಲಿ ಕಟ್ಟುವ ಕೆಲಸ ತಪ್ಪಿತು. ಜೀರ್ಣವಾದ ಹಗ್ಗಗಳು 2021ರ ಮಾರ್ಚ್‌ನಲ್ಲಿ ಹರಿದು, ಸೇತುವೆ ಕಮರಿಗೆ ಬಿತ್ತು. ಅದೇ ಜೂನ್‌ನಲ್ಲಿ ಜನ ಹುಲ್ಲು ಹೊಸೆದು ಮತ್ತೆ ಕಟ್ಟಿದರು. ಒಂದು ತಲೆಮಾರು ಹೀಗೆಯೇ ಕೈಬಿಟ್ಟಿದ್ದರೆ ಆ ಕೈಚಳಕವನ್ನು ಯಾವ ಪುಸ್ತಕದಿಂದ ಕಲಿಯಬಹುದಿತ್ತು?

ನಾವು ಅದನ್ನು ದಾಟಿದ್ದು ಆಗಸ್ಟ್‌ನಲ್ಲಿ. ಹುಲ್ಲು ಒಣಗಿ ಬಂಗಾರದ ಬಣ್ಣ ತಳೆದಿತ್ತು. ನಡುಮಧ್ಯಕ್ಕೆ ಬಂದಾಗ ಸೇತುವೆ ಉಯ್ಯಾಲೆಯಂತೆ ತೂಗಿತು. ಕಟ್ಟುವುದನ್ನೇ ಕಾಣಬಯಸುವವರು ಜೂನ್ ಎರಡನೆಯ ವಾರಕ್ಕೆ ಪ್ರಯಾಣವನ್ನು ಹೊಂದಿಸಿಕೊಳ್ಳಬೇಕು. ಅದು ಅಲ್ಲಿ ಚಳಿಗಾಲ. ಹಗಲು ಬಿಸಿಲು ಚುರುಕಾಗಿದ್ದರೂ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಥಂಡಿ. ಉಣ್ಣೆಯ ಶಾಲು ಮರೆಯದಿರಿ.