ಟ್ರ್ಯಾಕ್ಟರ್ ಬಂತು, ಬೆವರು ಯಾರ ಪಾಲಾಯ್ತು?



ಹೋದ ವರ್ಷ ನಾನೂ ಮನೆಯವಳೂ ಒಂದೇ ದಿನ ಡಾಕ್ಟರ ಹತ್ತಿರ ಹೋಗಿದ್ದೆವು. ನನಗೆ ಸಕ್ಕರೆ ಕಾಯಿಲೆ ಅಂದರು, "ದಿನಾ ನಡೀರಿ" ಅಂದರು. ಅವಳಿಗೆ ನಡುನೋವು, "ಬಗ್ಗಿ ಕೆಲಸ ಮಾಡೋದು ಕಮ್ಮಿ ಮಾಡಿ" ಅಂದರು. ಒಂದೇ ಮನೆ, ಒಂದೇ ಹೊಲ. ಆದರೂ ಒಬ್ಬರಿಗೆ ದುಡಿಮೆ ಸಾಲದು, ಇನ್ನೊಬ್ಬರಿಗೆ ಅದೇ ಹೆಚ್ಚು!

"ಹೊಲದಲ್ಲಿ ದುಡಿಯೋರಿಗೆ ವ್ಯಾಯಾಮ ಯಾಕ್ರೀ?" ಅಂತೀವಿ. ಆದರೆ ದುಡಿಯೋರು ಯಾರು? ಉಳುಮೆ ಟ್ರ್ಯಾಕ್ಟರ್ ಮಾಡುತ್ತೆ, ಒಕ್ಕಣೆ ಮೆಷಿನ್ ಮಾಡುತ್ತೆ, ಪಂಪ್‌ಸೆಟ್ ಮೊಬೈಲ್‌ನಲ್ಲೇ ಆನ್ ಆಗುತ್ತೆ. ಡೇರಿಗೆ ಹಾಲು ಹಾಕೋಕೂ ಬೈಕು. ಮಗ ಪೇಟೆಯ ಜಿಮ್‌ಗೆ ದುಡ್ಡು ಕಟ್ಟಿ ಕಬ್ಬಿಣ ಎತ್ತುತ್ತಾನೆ, ಗೊಬ್ಬರದ ಮಂಕರಿ ತಾಯಿ ಹೊರುತ್ತಾಳೆ. ಮಕ್ಕಳು ಮನೆ ಬಾಗಿಲಲ್ಲೇ ವ್ಯಾನ್ ಹತ್ತುತ್ತವೆ, ಸಂಜೆ ಫೋನ್ ಹಿಡಿಯುತ್ತವೆ. ಅಜ್ಜನಿಗೆ "ವಯಸ್ಸಾಯ್ತು, ಸುಮ್ನೆ ಕೂತ್ಕೊಳ್ಳಿ" ಅಂತ ನಾವೇ ಹೇಳ್ತೀವಿ.

ಯಂತ್ರ ಹೆಚ್ಚಾಗಿ ಬಂದದ್ದು ಗಂಡಸರ ಕೆಲಸಕ್ಕೆ. ಕಳೆ, ಹುಲ್ಲಿನ ಹೊರೆ, ಕೊಟ್ಟಿಗೆ ಇನ್ನೂ ಹೆಂಗಸರ ನಡುವಿನ ಮೇಲೇ ಇವೆ. ದಿನವಿಡೀ ಬಗ್ಗಿ ಕಳೆ ಕೀಳೋದು ವ್ಯಾಯಾಮ ಅಲ್ಲ, ದೇಹ ಸವೆಸೋದು.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ ಹೀಗಿದೆ: 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಆಟ-ಓಟ ಬೇಕು. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ, ಜೊತೆಗೆ ವಾರಕ್ಕೆ 2 ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸ. 65 ದಾಟಿದವರಿಗೆ ಇದರ ಜೊತೆಗೆ ವಾರಕ್ಕೆ 3 ದಿನ ಸಮತೋಲನ ಕಾಯುವ, ಬೀಳದಂತೆ ತಡೆಯುವ ವ್ಯಾಯಾಮ.

ಇದಕ್ಕೆಲ್ಲ ಜಿಮ್ ಬೇಕಿಲ್ಲ. ಮನೆಯ ಕೆಲಸವನ್ನೇ ಹಂಚಿಕೊಂಡರೆ ಬಹುಪಾಲು ಸಿಗುತ್ತೆ.

• ರಾಗಿಯನ್ನು ಸಾಲಿನಲ್ಲಿ ಬಿತ್ತಿ. ಆಗ ಸೈಕಲ್ ವೀಡರ್ ನಿಂತೇ ತಳ್ಳಬಹುದು. ಅದನ್ನು ಮಗನ ಕೈಗೆ ಕೊಡಿ, ಹುಲ್ಲಿನ ಹೊರೆಯನ್ನೂ.
• ಗಂಡಸರು ಡೇರಿಗೆ, ತೋಟಕ್ಕೆ ನಡೆದೇ ಹೋಗಿ.
• ಶಾಲೆ ಹತ್ತಿರ ಇದ್ದರೆ, ದಾರಿ ಸುರಕ್ಷಿತವಾಗಿದ್ದರೆ ಮಕ್ಕಳು ಸೈಕಲ್‌ನಲ್ಲಿ ಹೋಗಲಿ. ಸಂಜೆ ಕಬಡ್ಡಿ, ಖೋ ಖೋ ಆಡಲಿ. ಔಷಧಿ ಸಿಂಪಡಿಸುವ ಕಡೆ ಮಾತ್ರ ಅವರನ್ನು ಬಿಡಬೇಡಿ.
• ಅಜ್ಜ-ಅಜ್ಜಿ ಕೋಲು ಹಿಡಿದಾದರೂ ತೋಟ ಸುತ್ತಲಿ. ಎದೆನೋವು, ತಲೆಸುತ್ತು ಇದ್ದವರು ಮೊದಲು ಡಾಕ್ಟರನ್ನು ಕೇಳಿ.

ಈಗ ನಮ್ಮನೆಯಲ್ಲಿ ಬೆಳಗಿನ ಕೊಟ್ಟಿಗೆ ಕೆಲಸ ನನ್ನದು. ಮೊದಲ ವಾರ ಕೈಕಾಲು ಹಿಡ್ಕೊಂಡ್ತು, ಅಕ್ಕಪಕ್ಕದವರು ನಕ್ಕರು ಕೂಡ. ನಗಲಿ ಬಿಡಿ. ಮಣ್ಣು ಪರೀಕ್ಷೆ ಮಾಡಿಸಿ ಯಾವ ಹೊಲಕ್ಕೆ ಏನು ಕಮ್ಮಿ, ಏನು ಹೆಚ್ಚು ಅಂತ ತಿಳ್ಕೊಳ್ಳೋ ನಾವು, ಮನೆಯವರ ಮೈಗೂ ಅದೇ ಲೆಕ್ಕ ಹಾಕಬೇಕಲ್ವಾ?