ಮುಂದಿನ ಸಾಲಿನಲ್ಲಿ ಕೂರಿಸಿದ ಗುರು



ಮೊನ್ನೆ ಖೋಖೋ ತಂಡಕ್ಕೆ ಹೆಸರು ಬರೆದುಕೊಳ್ಳುವಾಗ ಏಳನೇ ಇಯತ್ತೆಯ ಹುಡುಗಿಯೊಬ್ಬಳ ತಂದೆ ಶಾಲೆಗೆ ಬಂದರು. "ಗುರುಗಳ, ಹುಡುಗಿ ದೊಡ್ಡಾಕಿ ಆದ್ಲು. ಇನ್ನ ಆಟ ಗೀಟ ಬ್ಯಾಡ್ರಿ. ಸಾಲಿನೂ ಈ ವರ್ಷಕ್ಕ ಸಾಕ್ರಿ" ಅಂದರು. ಬೈಯಲು ಮನಸ್ಸಾಗಲಿಲ್ಲ. ಏಳನೇ ಇಯತ್ತೆ ಮುಗಿದರೆ ಮುಂದಿನ ಕನ್ನಡ ಶಾಲೆ ಇರುವುದು ಬೇರೆ ಊರಿನಲ್ಲಿ. ಮಗನಾದರೆ ಸೈಕಲ್ ಕೊಡಿಸಿ ಕಳಿಸುತ್ತಾರೆ. ಮಗಳಾದರೆ ಮನೆಯಲ್ಲೇ ಉಳಿಯುತ್ತಾಳೆ.

ಆಗ ನನಗೆ ನೆನಪಾದದ್ದು ಅಮೆರಿಕದ ಒಬ್ಬ ಒಕ್ಕಲಿಗ ತಂದೆ. ಟೆನೆಸ್ಸಿ ರಾಜ್ಯದ ಹಳ್ಳಿಗಾಡಿನವನು. ಗಂಡುಮಕ್ಕಳಿದ್ದರೂ ಮಗಳನ್ನು ಹೊಲದ ಕೆಲಸದಿಂದ ಬಿಡಲಿಲ್ಲ. ರಾತ್ರಿ ಆ ಹುಡುಗಿ ಹುಲ್ಲು ಒಟ್ಟುವ ಅಟ್ಟದ ಮೇಲೆ ಅಣ್ಣಂದಿರ ಜತೆ ಬಾಸ್ಕೆಟ್‌ಬಾಲ್ ಆಡುತ್ತಿದ್ದಳು. ಅವರಿದ್ದ ಕಡೆಯ ಹೈಸ್ಕೂಲಿನಲ್ಲಿ ಹುಡುಗಿಯರ ತಂಡವೇ ಇರಲಿಲ್ಲ. ತಂದೆ ಏನು ಮಾಡಿದ ಗೊತ್ತೇ? ತಂಡವಿರುವ ಊರಿಗೆ ಮನೆಯನ್ನೇ ಬದಲಿಸಿದ!

ಆ ಹುಡುಗಿಯೇ ಪ್ಯಾಟ್ ಸಮಿಟ್. ಹುಟ್ಟಿದ್ದು 1952ರಲ್ಲಿ. 1974ರಲ್ಲಿ, ಬರೀ 22ನೇ ವಯಸ್ಸಿಗೆ, ಟೆನೆಸ್ಸಿ ವಿಶ್ವವಿದ್ಯಾಲಯದ ಮಹಿಳಾ ತಂಡದ ಮುಖ್ಯ ತರಬೇತುದಾರಳಾದಳು. ತಿಂಗಳಿಗೆ 250 ಡಾಲರ್ ಸಂಬಳ. ತಂಡದ ಗಾಡಿ ಓಡಿಸುವುದೂ ಅವಳೇ, ಆಟಗಾರ್ತಿಯರ ಬಟ್ಟೆ ಒಗೆಯುವುದೂ ಅವಳೇ. ಜತೆಗೆ ಸ್ವಂತ ಓದು, ಸ್ವಂತ ಆಟ. ಮೊಣಕಾಲಿಗೆ ದೊಡ್ಡ ಪೆಟ್ಟು ಬಿದ್ದಿದ್ದರೂ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಆಡಿ ಬೆಳ್ಳಿ ಗೆದ್ದಳು. ಮಹಿಳಾ ಬಾಸ್ಕೆಟ್‌ಬಾಲ್ ಒಲಿಂಪಿಕ್ಸ್‌ಗೆ ಬಂದದ್ದೇ ಆ ವರ್ಷ. 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅಮೆರಿಕ ತಂಡಕ್ಕೆ ತರಬೇತಿ ಕೊಟ್ಟು ಚಿನ್ನ ಗೆಲ್ಲಿಸಿದಳು.

38 ವರ್ಷ ಒಂದೇ ವಿಶ್ವವಿದ್ಯಾಲಯದಲ್ಲಿ ದುಡಿದಳು. 1,098 ಪಂದ್ಯಗಳಲ್ಲಿ ಗೆಲುವು, 208ರಲ್ಲಿ ಸೋಲು. 1987ರಿಂದ 2008ರ ನಡುವೆ ಎಂಟು ಸಲ ರಾಷ್ಟ್ರೀಯ ಪ್ರಶಸ್ತಿ. ಈ ಗೆಲುವಿನ ದಾಖಲೆಯನ್ನು 2020ರಲ್ಲಿ ಟಾರಾ ವ್ಯಾನ್‌ಡರ್‌ವೀರ್ ಎಂಬ ಇನ್ನೊಬ್ಬ ತರಬೇತುದಾರಳು ದಾಟಿದಳು. ದಾಟಲಿ, ದಾಖಲೆ ಇರುವುದೇ ಅದಕ್ಕೆ.

ಆದರೆ ನನ್ನಂಥ ಶಾಲಾ ಮಾಸ್ತರನಿಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೊಂದು ಲೆಕ್ಕ. ಅವಳ ಕೈಕೆಳಗೆ ಆಟದ ಅವಧಿ ಪೂರ್ತಿ ಮುಗಿಸಿದ ಪ್ರತಿಯೊಬ್ಬ ಹುಡುಗಿಯೂ ಪದವಿ ಪಡೆದಳು. ಒಬ್ಬಳೂ ಬಿಡದೆ! ಅವಳ ನಿಯಮ ಸರಳ. ತರಗತಿ ತಪ್ಪಿಸುವಂತಿಲ್ಲ, ಕೂರುವುದು ಮೊದಲ ಮೂರು ಸಾಲಿನಲ್ಲಿ. ಆಟಕ್ಕೆ ಹೋದರೆ ಓದು ಕೆಡುತ್ತದೆ ಎನ್ನುವವರು ಇದನ್ನು ಯೋಚಿಸಬೇಕು. ಆಡಬೇಕೆಂಬ ಆಸೆಯನ್ನೇ ಹಿಡಿದುಕೊಂಡು ಆಕೆ ಮಕ್ಕಳನ್ನು ಓದಿನಲ್ಲಿ ಉಳಿಸಿದಳು. ನಮ್ಮಲ್ಲೂ ಎಷ್ಟೋ ಹುಡುಗಿಯರು ಗಣಿತಕ್ಕಾಗಿ ಶಾಲೆಗೆ ಬರುವುದಿಲ್ಲ, ಖೋಖೋಕ್ಕಾಗಿ ಬರುತ್ತಾರೆ. ಬಂದ ಮೇಲೆ ಗಣಿತ ಕಲಿಸುವುದು ನಮ್ಮ ಕೆಲಸ.

ಹಾಗಂತ ಎಲ್ಲವೂ ಒಬ್ಬ ಶಿಕ್ಷಕಿಯ ಛಲದಿಂದಲೇ ಆಯಿತು ಎಂದರೆ ತಪ್ಪಾಗುತ್ತದೆ. 1972ರಲ್ಲಿ ಅಮೆರಿಕದಲ್ಲಿ 'ಟೈಟಲ್ ನೈನ್' ಕಾನೂನು ಬಂತು. ಕೇಂದ್ರ ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಹೆಣ್ಣು-ಗಂಡು ಎಂಬ ಭೇದ ಮಾಡುವಂತಿಲ್ಲ ಎಂದಿತು. ಹುಡುಗಿಯರ ಆಟಕ್ಕೂ ಮೆಲ್ಲಗೆ ಹಣ, ಮೈದಾನ, ವಿದ್ಯಾರ್ಥಿವೇತನ ಬಂದವು. ಬಟ್ಟೆ ಒಗೆದ ಗುರುವನ್ನು ಹೊಗಳಿ ಸುಮ್ಮನಾಗುವುದು ಸುಲಭ. ಗುರು ಬಟ್ಟೆ ಒಗೆಯಬೇಕಾದ ಸ್ಥಿತಿ ಯಾಕೆ ಬಂತು ಎಂದು ಕೇಳುವುದು ಕಷ್ಟ. ಗಡಿಯಾಚೆಯ ಕನ್ನಡ ಶಾಲೆಯವರಾದ ನಾವು ಎರಡನ್ನೂ ಮಾಡಬೇಕು. ಚೆಂಡಿಲ್ಲದಿದ್ದರೂ ಆಡಿಸಬೇಕು, ಚೆಂಡು ಯಾಕಿಲ್ಲ ಎಂದು ಅರ್ಜಿಯನ್ನೂ ಹಾಕಬೇಕು.

2011ರಲ್ಲಿ, 59ನೇ ವಯಸ್ಸಿನಲ್ಲಿ, ಪ್ಯಾಟ್‌ಗೆ ಮರೆವಿನ ಕಾಯಿಲೆ ಅಲ್ಜೈಮರ್ ಇರುವುದು ತಿಳಿಯಿತು. ಮುಚ್ಚಿಡಲಿಲ್ಲ, ಜನರೆದುರು ಹೇಳಿದಳು. ಸಹಾಯಕರ ನೆರವಿನಿಂದ ಇನ್ನೊಂದು ಹಂಗಾಮು ನಡೆಸಿ 2012ರಲ್ಲಿ ಜಾಗ ಬಿಟ್ಟುಕೊಟ್ಟಳು. ಆ ಜಾಗಕ್ಕೆ ಬಂದವಳು ಅವಳದೇ ಹಳೆಯ ಶಿಷ್ಯೆ ಹಾಲಿ ವಾರ್ಲಿಕ್. 2016ರಲ್ಲಿ ಪ್ಯಾಟ್ ತೀರಿಕೊಂಡಳು. ಗುರು ಮರೆತದ್ದನ್ನು ಶಿಷ್ಯರು ನೆನಪಿಟ್ಟುಕೊಂಡರು. ಶಿಕ್ಷಕನಿಗೆ ಇದಕ್ಕಿಂತ ದೊಡ್ಡ ಪಿಂಚಣಿ ಯಾವುದಿದೆ?

ಆ ಹುಡುಗಿಯ ತಂದೆಗೆ ಮನೆ ಬದಲಿಸಿದ ಒಕ್ಕಲಿಗನ ಕತೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮನಿ ಬದಲಿ ಮಾಡೂದು ಆಗೂದಿಲ್ರಿ ಗುರುಗಳ, ಈ ಸಲ ಆಡ್ಲಿ ಬಿಡ್ರಿ" ಅಂದರು. ಹೆಸರು ಬರೆದುಕೊಂಡೆ. ಮುಂದಿನ ವರ್ಷದ ಶಾಲೆಯ ಮಾತು ಇನ್ನೂ ಬಾಕಿ ಇದೆ. ಮತ್ತೆ ಅವರ ಮನೆಗೆ ಹೋಗುತ್ತೇನೆ.

ನಿಮ್ಮ ಊರಿನಲ್ಲೂ ಇಂಥ ಒಬ್ಬ ಹುಡುಗಿ ಇರುತ್ತಾಳೆ. ಅವಳ ಮನೆಗೆ ನೀವೂ ಒಮ್ಮೆ ಹೋಗಿ ಬನ್ನಿ.