ಎಂಟು ಮಿಲಿಮೀಟರ್ ಕೊರೆದರೆ ಯಾರ ಗಂಟು ಹೋಗುತ್ತೆ?

ಅಮೆರಿಕದ ಬಂದೂಕು ಅಂಗಡಿಯವರಿಗೆ ಒಂದು ಮಾತು ಕೇಳಿದ್ರೆ ಆಗಲ್ಲ. "ನನ್ನ ಹತ್ರ ಇರೋ ಹಳೇ ಕೋವಿನೇ ಸಾಕು, ಅದರ ಚೇಂಬರ್ ಸ್ವಲ್ಪ ಉದ್ದ ಮಾಡಿಸ್ಕೋತೀನಿ" ಅನ್ನೋ ಮಾತು. ಹೇಳಿ ನೋಡಿ. ಮೊದಲು ನಗ್ತಾರೆ, ಆಮೇಲೆ ಹೆದರಿಸ್ತಾರೆ, ಕೊನೆಗೆ ಗೋಡೆ ಮೇಲಿರೋ ಹೊಸ ಮಾಲು ಇಳಿಸಿ ಕೈಗೆ ಕೊಡ್ತಾರೆ.

ನಾನು ಮಿಶಿಗನ್ನಿನಲ್ಲಿ ಉಕ್ಕು ಕೊರೆಯೋ ಕೆಲಸದಲ್ಲೇ ಅನ್ನ ತಿನ್ನೋನು. ರೀಮರ್ ಏನು ಮಾಡುತ್ತೆ, ಏನು ಮಾಡಲ್ಲ ಅಂತ ಅಂಗಡಿಯವರು ನನಗೆ ಹೇಳಬೇಕಿಲ್ಲ. ಆದ್ದರಿಂದ ಈ ಜಗಳ.

ವಿಷಯ ಹ್ಯಾಂಡಿ-ರೈಫಲ್‌ದು. ಹ್ಯಾರಿಂಗ್ಟನ್ ಅಂಡ್ ರಿಚರ್ಡ್‌ಸನ್ ಅಂತ 1871ರಲ್ಲಿ ಮೆಸಾಚುಸೆಟ್ಸಿನಲ್ಲಿ ಶುರುವಾದ ಕಂಪನಿ. 1986ರಲ್ಲಿ ಮುಚ್ಚಿತು, ಬೇರೆ ಹೆಸರಿನಲ್ಲಿ ಮತ್ತೆ ಎದ್ದಿತು, 2000ದಲ್ಲಿ ಮಾರ್ಲಿನ್ ಕೈ ಸೇರಿತು, ಆಮೇಲೆ ಮಾರ್ಲಿನ್ ಸಮೇತ ರೆಮಿಂಗ್ಟನ್ ಹೊಟ್ಟೆಗೆ ಹೋಯಿತು. 2015ರಲ್ಲಿ ಈ ಕೋವಿ ಮಾಡೋದನ್ನೇ ನಿಲ್ಲಿಸಿದರು. ನಮ್ಮ ಮಲೆನಾಡಿನ ಒಂಟಿ ನಳಿಗೆಯ ತೋಟಾ ಕೋವಿ ನೋಡಿದವರಿಗೆ ಇದನ್ನು ವಿವರಿಸೋದು ಬೇಡ. ನಡುವೆ ಮಡಚಬೇಕು, ಒಂದು ತೋಟಾ ಇಡಬೇಕು, ಮುಚ್ಚಬೇಕು, ಕುದುರೆ ಎಳೆಯಬೇಕು. ವ್ಯತ್ಯಾಸ ಇಷ್ಟೇ, ಇದರ ನಳಿಗೆಯೊಳಗೆ ರೈಫಲಿನ ಸುರುಳಿ ಗೆರೆ ಇದೆ. ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡೋರು, ಡೈರಿ ಇಟ್ಕೊಂಡಿರೋ ರೈತರು, ಮಗನಿಗೆ ಮೊದಲ ಕೋವಿ ಕೊಡಿಸೋ ಅಪ್ಪಂದಿರು, ಇಂಥವರು ಕೊಳ್ಳುತ್ತಿದ್ದ ಕೋವಿ ಇದು. ಇವರಿಗೆ ನವೆಂಬರ್ 15ಕ್ಕೆ ಶುರುವಾಗೋ ಜಿಂಕೆ ಬೇಟೆ ಬರೀ ಶೋಕಿಯಲ್ಲ. ಒಂದು ಜಿಂಕೆ ಸಿಕ್ಕರೆ ಚಳಿಗಾಲಕ್ಕೆ ಫ್ರೀಜರ್ ತುಂಬುತ್ತೆ.

ಈ ಕೋವಿ .357 ಮ್ಯಾಗ್ನಮ್‌ನಲ್ಲೂ ಬರ್ತಿತ್ತು. 1935ರ ಪಿಸ್ತೂಲಿನ ತೋಟಾ ಅದು. ಉದ್ದ ನಳಿಗೆಯಿಂದ ಹೊಡೆದರೆ 158 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 1,800 ಅಡಿ ಹೋಗುತ್ತೆ. ಐವತ್ತು ಅರವತ್ತು ಗಜದಲ್ಲಿ ಜಿಂಕೆಗೆ ಸಾಕು. ನೂರು ಗಜದ ಆಚೆ ಅನುಮಾನ. ಇದೇ ತೋಟಾದ ಅಣ್ಣ .357 ಮ್ಯಾಕ್ಸಿಮಮ್, 1983ರದ್ದು. ಅದೇ ದಪ್ಪ, ಅದೇ ಅಂಚು, ಅದೇ ಗುಂಡು. ಕೇಸು ಮಾತ್ರ 1.290 ಇಂಚಿನ ಬದಲು 1.605 ಇಂಚು. ಅಂದ್ರೆ ಎಂಟು ಮಿಲಿಮೀಟರ್ ಹೆಚ್ಚು. ಆ ಎಂಟು ಮಿಲಿಮೀಟರಿನಲ್ಲಿ ತುಂಬೋ ಮದ್ದಿನಿಂದ 180 ಗ್ರೇನ್ ಗುಂಡನ್ನು ಸುಮಾರು 2,000 ಅಡಿ ವೇಗಕ್ಕೆ ತಳ್ಳಬಹುದು. ಲೆಕ್ಕ ಹಾಕಿ, ಶಕ್ತಿ ಹತ್ತಿರ ಹತ್ತಿರ ನಲವತ್ತು ಪರ್ಸೆಂಟ್ ಜಾಸ್ತಿ.

ಬಲ್ಲ ಗನ್‌ಸ್ಮಿತ್ ಒಬ್ಬ ಸರಿಯಾದ ರೀಮರಿನಿಂದ ಚೇಂಬರನ್ನು ಅಷ್ಟು ಉದ್ದ ಮಾಡ್ತಾನೆ. ತೋಟಾ ನಿಲ್ಲೋದು ಅದರ ಅಂಚಿನ ಮೇಲೆ. ಆ ಅಂಚು ಕೂರೋ ತಗ್ಗನ್ನು ಮುಟ್ಟೋದೇ ಇಲ್ಲ, ಹಾಗಾಗಿ ಕಾರ್ಖಾನೆಯ ಅಳತೆ ಹಾಗೇ ಉಳಿಯುತ್ತೆ. ಹಳೇ ಮ್ಯಾಗ್ನಮ್ ತೋಟಾನೂ ಅದರಲ್ಲೇ ಹೊಡೆಯಬಹುದು. ಇದಕ್ಕಿಂತ ಅಚ್ಚುಕಟ್ಟಾದ ಮಾರ್ಪಾಡು ನನ್ನ ಕಸುಬಿನಲ್ಲಿ ನಾನು ಹೆಚ್ಚು ನೋಡಿಲ್ಲ.

ಅಂಗಡಿಯವರ ಮೊದಲ ಆಕ್ಷೇಪ: "ಮ್ಯಾಕ್ಸಿಮಮ್ ಸೋತು ಹೋದ ತೋಟಾ, ರೂಗರ್‌ನವರೇ ಕೈಬಿಟ್ಟರು." ಅರ್ಧ ನಿಜ ಹೇಳೋದು ಅಂದ್ರೆ ಇದು. ರೂಗರ್ ಮಾಡಿದ್ದು ರಿವಾಲ್ವರ್. ಅದರಲ್ಲಿ ಸಿಲಿಂಡರಿಗೂ ನಳಿಗೆಗೂ ನಡುವೆ ಒಂದು ಸಂದು ಇರುತ್ತೆ. ಆ ಸಂದಿಯಿಂದ ನುಗ್ಗಿದ ಬಿಸಿ ಅನಿಲ ಮೇಲಿನ ಪಟ್ಟಿಯ ಉಕ್ಕನ್ನೇ ಕೊರೀತಾ ಹೋಯ್ತು. ಮಡಚೋ ಒಂಟಿ ಕೋವಿಯಲ್ಲಿ ಸಂದು ಎಲ್ಲಿದೆ ಸ್ವಾಮಿ? ಇಲ್ಲದ ಸಂದಿಗೆ ಹೆದರಿ ನಾನು ಹೊಸ ಕೋವಿ ಕೊಳ್ಳಬೇಕಾ?

ಕೊಳ್ಳಬೇಕು, ಯಾಕಂದ್ರೆ ಅವರ ಕಥೆ ಬೇರೆ ಇದೆ. ಮಿಶಿಗನ್ನಿನ ದಕ್ಷಿಣ ಭಾಗ ಚಪ್ಪಟೆ ಹೊಲ, ಹೊಲದ ನಡುವೆ ಮನೆಗಳು. ದೂರ ಹೋಗೋ ರೈಫಲ್ ಗುಂಡು ಅಲ್ಲಿ ಬೇಡ ಅಂತ ಮೊದಲಿಂದ ಕಾನೂನಿತ್ತು. 2014ರಲ್ಲಿ ಅದನ್ನು ಸ್ವಲ್ಪ ಸಡಿಲ ಮಾಡಿದರು. ಗುಂಡು .35 ಅಥವಾ ಅದಕ್ಕಿಂತ ದಪ್ಪ, ಕೇಸಿನ ಗೋಡೆ ನೇರ, ಉದ್ದ 1.16ರಿಂದ 1.80 ಇಂಚು, ಅಷ್ಟಿದ್ದರೆ ಆಗಬಹುದು ಅಂತ. ಒಹಾಯೋದಲ್ಲೂ ಅದೇ ವರ್ಷ ನೇರ ಗೋಡೆಯ ತೋಟಾ ಬಿಟ್ಟರು. ಬೀರುವಿನಲ್ಲಿ ಮೂವತ್ತು ವರ್ಷದಿಂದ ಕೂತಿದ್ದ ಮ್ಯಾಕ್ಸಿಮಮ್ ಈ ಅಳತೆಗೆ ಸರಿಯಾಗಿ ಕೂರುತ್ತೆ. ಆದರೆ ಹಳೇದನ್ನು ಮಾರಿದರೆ ಲಾಭ ಎಲ್ಲಿ? 2019ರಲ್ಲಿ ವಿಂಚೆಸ್ಟರ್ .350 ಲೆಜೆಂಡ್ ತಂದಿತು. 2023ರಲ್ಲಿ ರೆಮಿಂಗ್ಟನ್ .360 ಬಕ್‌ಹ್ಯಾಮರ್ ತಂದಿತು, ಅದೇ ವರ್ಷ ವಿಂಚೆಸ್ಟರ್‌ನ .400 ಲೆಜೆಂಡ್. ಒಳ್ಳೇ ತೋಟಾಗಳೇ ಇರಬಹುದು, ಇಲ್ಲ ಅನ್ನಲ್ಲ. ಆದರೆ ಬಿಳಿಬಾಲದ ಜಿಂಕೆಯ ಚರ್ಮ 2019ರಿಂದ ಏನಾದ್ರೂ ದಪ್ಪ ಆಗಿದೆಯಾ?

ಇನ್ನು ನಮ್ಮದೇ ಪಕ್ಷದವರ ಸರದಿ. ಇವರ ಮೇಲೆ ನನಗೆ ಅಂಗಡಿಯವರಿಗಿಂತ ಜಾಸ್ತಿ ಸಿಟ್ಟು.

ಒಂದು ಸಲ ಕೊರೆದು ರುಚಿ ಹತ್ತಿದವರು ನಿಲ್ಲಲ್ಲ. "ಇದೇ ಫ್ರೇಮಿನಲ್ಲಿ ಕಾರ್ಖಾನೆಯವರು .308, .30-06 ಮಾರಿಲ್ವಾ, ನಾನೂ ಎಷ್ಟು ಬೇಕಾದ್ರೂ ಏರಿಸ್ತೀನಿ" ಅಂತ ವಾದ. ಮಾರಿದ್ದು ಹೌದು. ಆದರೆ ನಳಿಗೆಯನ್ನೂ ಫ್ರೇಮನ್ನೂ ಒಂದಕ್ಕೊಂದು ಹೊಂದಿಸಿ ಮಾರಿದ್ದು. ಬೇರೆ ನಳಿಗೆ ಬೇಕಾದ್ರೆ ಫ್ರೇಮನ್ನೇ ಕಾರ್ಖಾನೆಗೆ ಕಳಿಸಿ ಅನ್ನೋರು, ಸುಮ್ಮನೆ ಅಲ್ಲ. ಒತ್ತಡದ ಲೆಕ್ಕ ನೋಡಿ. ಮ್ಯಾಗ್ನಮ್‌ಗೆ ಮಿತಿ 35,000 ಪಿಎಸ್‌ಐ, ಮ್ಯಾಕ್ಸಿಮಮ್‌ಗೆ 40,000. ಕೇಸಿನ ಬುಡದ ಅಗಲಕ್ಕೆ ಗುಣಿಸಿದರೆ, ಒರಟು ಲೆಕ್ಕದಲ್ಲಿ, ಹಿಂದಕ್ಕೆ ಒದೆಯೋ ಬಲ ಸುಮಾರು 1,800 ಕಿಲೋದಿಂದ 2,050 ಕಿಲೋಗೆ ಹೋಗುತ್ತೆ. .308ಕ್ಕೆ 62,000 ಪಿಎಸ್‌ಐ, ಬುಡವೂ ಅಗಲ, ಬಲ 4,900 ಕಿಲೋದ ಹತ್ತಿರ. ಮೊದಲನೆಯದು ಒಂದು ಮೆಟ್ಟಿಲು ಹತ್ತೋದು. ಎರಡನೆಯದು ಮಹಡಿಗೇ ಹಾರೋದು, ಅದೂ ಇಪ್ಪತ್ತು ವರ್ಷ ಮಡಚಿ ಮಡಚಿ ಸಡಿಲಾದ ಚಿಲಕದ ಮೇಲೆ, ಅದರ ಹಿಂದೆ ನಿಮ್ಮ ಕೆನ್ನೆ ಇಟ್ಕೊಂಡು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಈ ಕಂಪನಿಯ ಫ್ರೇಮಿನಲ್ಲಿ ಎರಡು ಜಾತಿ, ಎಸ್‌ಬಿ1 ಮತ್ತು ಎಸ್‌ಬಿ2. ಮೊದಲನೆಯದು ಚರೆ ತೋಟಾಕ್ಕೆ, ಎರಡನೆಯದು ರೈಫಲಿಗೆ. 12 ಬೋರಿನ ತೋಟಾದ ಮಿತಿ 11,500 ಪಿಎಸ್‌ಐ ಮಾತ್ರ. ಹೊರಗಿಂದ ಎರಡೂ ಅವಳಿ-ಜವಳಿ. ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕ ಚರೆ ಕೋವಿಯ ಫ್ರೇಮಿಗೆ ಎಲ್ಲಿಂದಲೋ ತಂದ ರೈಫಲ್ ನಳಿಗೆ ಸಿಕ್ಕಿಸಿ, ಅದರ ಮೇಲೆ ಚೇಂಬರನ್ನೂ ಕೊರೆದು "ನೋಡ್ರೀ ಎಷ್ಟು ಕಡಿಮೆಗೆ ಆಯ್ತು" ಅಂತ ಮೆರೆಯೋರನ್ನ ನೋಡಿದರೆ ಕೈಯಲ್ಲಿರೋ ರೀಮರ್ ಕಿತ್ಕೋಬೇಕು ಅನ್ಸುತ್ತೆ. ಇಂಥವರಿಂದಲೇ ಅಂಗಡಿಯವನ ಹೆದರಿಕೆಗೆ ಬೆಲೆ ಬಂದಿರೋದು.

ಶಕ್ತಿ ಜಾಸ್ತಿ ಆದರೆ ಗುರಿ ತಪ್ಪಿದರೂ ನಡೆಯುತ್ತೆ ಅನ್ನೋ ಭ್ರಮೆ ಬೇರೆ. ಹೊಟ್ಟೆಗೆ ಬಿದ್ದ ಗುಂಡು ಯಾವ ತೋಟಾದಿಂದ ಬಂದರೂ ಹೊಟ್ಟೆಗೇ ಬಿದ್ದದ್ದು. ಆ ಜಿಂಕೆ ಗಂಟೆಗಟ್ಟಲೆ ನರಳಿ ಯಾವುದೋ ಜವುಗಿನಲ್ಲಿ ಸಾಯುತ್ತೆ, ಮಾಂಸ ನರಿ ಪಾಲು. ನಾನು ಎಂಟು ಮಿಲಿಮೀಟರ್ ಕೇಳೋದು ಇನ್ನೂರು ಗಜದ ಹುಚ್ಚು ಹೊಡೆತಕ್ಕಲ್ಲ. ನೂರು ಗಜದಲ್ಲಿ ಎದೆಗೆ ಬಿದ್ದ ಗುಂಡು ಅಳುಕಿಲ್ಲದೆ ಕೆಲಸ ಮುಗಿಸಲಿ ಅಂತ.

"ನೀವು ಕನ್ನಡದವರು, ಬೇಟೆ ಬಗ್ಗೆ ಬರೀತೀರಲ್ಲ, ಪಾಪ ಅಲ್ವಾ" ಅಂತ ಕೇಳೋರು ತೇಜಸ್ವಿ ಓದಿ ಬರಲಿ, ಇಲ್ಲಾ ಕೊಡಗಿಗೆ ಹೋಗಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂವಿಡೋದನ್ನ ನೋಡಿ ಬರಲಿ. ಊರಿನಲ್ಲಿರೋರಿಗೆ ಮಾತ್ರ ಒಂದು ಮಾತು: ಅಲ್ಲಿ 1972ರ ಕಾಯ್ದೆಯಿಂದ ಬೇಟೆ ನಿಂತಿದೆ, ಲೈಸೆನ್ಸ್ ಇಲ್ಲದೆ ಕೋವಿ ಮಾರ್ಪಡಿಸೋದು 1959ರ ಶಸ್ತ್ರ ಕಾಯ್ದೆಯಲ್ಲಿ ಅಪರಾಧ. ಇದನ್ನು ಓದಿ ಅಜ್ಜನ ಕೋವಿ ಬಿಚ್ಚಕ್ಕೆ ಹೋಗಬೇಡಿ.

ಇಲ್ಲಿ ಕೊರೆಸೋರು ಇನ್ನೊಂದು ಕೆಲಸವನ್ನೂ ಮಾಡಿಸಿ, ಬಹಳ ಜನ ಮಾಡಿಸಲ್ಲ. ನಳಿಗೆಯ ಮೇಲಿನ ಹಳೇ ಮುದ್ರೆ ಹಾಗೇ ಇದ್ದರೆ ಒಳಗಿನ ಚೇಂಬರ್ ಒಂದು ಹೇಳುತ್ತೆ, ಹೊರಗಿನ ಅಕ್ಷರ ಇನ್ನೊಂದು. ನೀವು ಸತ್ತ ಮೇಲೆ ಈ ಕೋವಿ ಹರಾಜಿನಲ್ಲಿ ಯಾವನೋ ಹುಡುಗನ ಕೈಗೆ ಹೋಗುತ್ತೆ, ಅವನು ಓದೋದು ಆ ಅಕ್ಷರವನ್ನೇ. ಹೊಸ ತೋಟಾದ ಹೆಸರನ್ನು ಉಕ್ಕಿನಲ್ಲಿ, ಆಳವಾಗಿ, ಹಳೇದರ ಪಕ್ಕದಲ್ಲೇ ಹೊಡೆಸಿ. ಗನ್‌ಸ್ಮಿತ್ ಅದಕ್ಕೆ ಬೇರೆ ದುಡ್ಡು ಕೇಳಿದರೆ ಚೌಕಾಸಿ ಮಾಡದೆ ಕೊಡಿ.